ಹಾಲುಕೋಣೆಯ ಕೋವಿ

ನೀಲಗಿರಿಯ ನಮ್ಮೂರು ಇತ್ತಲಾರಿನಲ್ಲಿ ಹೆಂಗಸಿನ ಹೆಸರಲ್ಲಿ ಕೋವಿ ಲೈಸೆನ್ಸ್ ಇದ್ದದ್ದು ನನಗೊಬ್ಬಳಿಗೇ. ಅದರ ಜಂಬ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪಾಸ್‌ಬುಕ್ಕಿನಷ್ಟು ದೊಡ್ಡ ಪುಸ್ತಕ, ಒಳಗೆ ವಸಂತಾಮಣಿ ಎಂಬ ನನ್ನ ಹೆಸರು, ಫೋಟೋ, ಕೆಳಗೆ ಕಲೆಕ್ಟರ್ ಸಹಿ. ಉದ್ದೇಶ ಎಂಬ ಕಡೆ ಆತ್ಮರಕ್ಷಣೆ ಎಂದು ಬರೆದಿತ್ತು. ಮದುವೆಗೆ ಹೋದಲ್ಲಿ ಯಾರಾದರೂ ಕೇಳಿದರೆ ಬ್ಯಾಗಿನಿಂದ ತೆಗೆದು ತೋರಿಸುತ್ತಿದ್ದೆ, ಕೇಳದಿದ್ದರೂ ತೋರಿಸುತ್ತಿದ್ದೆ.

ಕೋವಿ ನನ್ನ ಗಂಡನದು, ಒಂಟಿ ನಳಿಗೆಯದು. ಅವರ ಹೆಸರು ಹಾಲಿ. ಅವರು ತೀರಿಕೊಂಡ ಮೇಲೆ ಅದನ್ನು ಸ್ಟೇಷನ್ನಿಗೆ ಒಪ್ಪಿಸಬೇಕಾಯಿತು. ಲೈಸೆನ್ಸ್ ಇದ್ದವರು ಹೋದ ಮೇಲೆ ಮನೆಯವರು ಕೋವಿಯನ್ನು ಸುಮ್ಮನೆ ಇಟ್ಟುಕೊಳ್ಳುವ ಹಾಗಿಲ್ಲ. ಮೈದುನನ ಮಗ ಪ್ರವೀಣ್‌ಕುಮಾರ್ ಅರ್ಜಿ ಹಾಕುತ್ತಾನೆ ಎಂದು ಎಲ್ಲರೂ ಅಂದುಕೊಂಡಿದ್ದರು. ನಾನೇ ಹಾಕಿದೆ. ನಮ್ಮ ಟೀ ತೋಟ ಶೋಲಾ ಕಾಡಿಗೆ ತಾಗಿಕೊಂಡಿದೆ, ಬೆಳಿಗ್ಗೆ ಆರಕ್ಕೆ ಅಲ್ಲಿಗೆ ಒಬ್ಬಳೇ ಹೋಗುವವಳು ನಾನು. ಅದೇ ವರ್ಷ ಪಕ್ಕದ ಹಟ್ಟಿಯ ಹೆಂಗಸೊಬ್ಬಳ ಮುಖವನ್ನು ಕರಡಿ ಪರಚಿ ಹಾಕಿತ್ತು. ಊಟಿಯ ಆಫೀಸಿನಲ್ಲಿ ಗುಮಾಸ್ತ, "ಈ ವಯಸ್ಸಲ್ಲಿ ನಿಮಗ್ಯಾಕಮ್ಮ ಕೋವಿ?" ಅಂದ. "ಕರಡಿ ವಯಸ್ಸು ಕೇಳ್ಕೊಂಡು ಬರುತ್ತಾ ಸಾರ್?" ಅಂದೆ. ಅವನು ಅರ್ಜಿಗೆ ಸೀಲು ಒತ್ತಿದ.

ಹದಿನಾಲ್ಕು ತಿಂಗಳು ಓಡಾಡಿದೆ. ತರಬೇತಿಯಲ್ಲಿ ಎಲ್ಲ ಹೇಳಿಕೊಟ್ಟರು. ತೋಟಾ ಒಂದು ಕಡೆ, ಕೋವಿ ಒಂದು ಕಡೆ ಇಡಬೇಕು. ಗುರಿಯ ಹಿಂದೆ ಏನಿದೆ ಎಂದು ನೋಡದೆ ಟ್ರಿಗರ್ ಎಳೆಯಬಾರದು. ಜೀವಕ್ಕೆ ಬಂದಾಗ ಮಾತ್ರ ಹೊಡೆಯಬೇಕು, ಹೊಡೆದರೆ ಕೂಡಲೇ ಸ್ಟೇಷನ್ನಿಗೆ ತಿಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕೋವಿ ನನ್ನ ಬೀಗದೊಳಗೆ ಇರಬೇಕು, ಲೈಸೆನ್ಸ್ ಇಲ್ಲದ ಇನ್ನೊಬ್ಬರ ಕೈಗೆ ಹೋಗಬಾರದು. ಇಷ್ಟಕ್ಕೂ ಮುಚ್ಚಳಿಕೆ ಬರೆದು ಸಹಿ ಹಾಕಿದೆ.

ಎಡವಟ್ಟಾದದ್ದು ಇಲ್ಲೇ. ನಮ್ಮ ಸಾಲುಮನೆಗಳಲ್ಲಿ ಒಳಗಡೆ ಒಂದು ಹಾಲುಕೋಣೆ ಇರುತ್ತದೆ. ಹಿಂದೆ ಎಮ್ಮೆಯ ಹಾಲು, ಬೆಣ್ಣೆ ಇಡುತ್ತಿದ್ದ ಜಾಗ, ಮಡಿಯ ಜಾಗ. ಹೆಂಗಸರು ಅದರೊಳಗೆ ಕಾಲಿಡುವ ಹಾಗಿಲ್ಲ. ಈಗ ಎಷ್ಟೋ ಮನೆಗಳಲ್ಲಿ ಆ ಕೋಣೆಯೇ ಇಲ್ಲ, ಇದ್ದ ಕಡೆಯೂ ಕಟ್ಟಳೆ ಸಡಿಲವಾಗಿದೆ. ನಮ್ಮ ಸಾಲಿನಲ್ಲಿ ಮಾತ್ರ ಸಡಿಲವಾಗಿಲ್ಲ, ಏಕೆಂದರೆ ನಮ್ಮ ಸಾಲಿನಲ್ಲಿ ಮಾದನ್ ಮಾಮ ಇದ್ದಾರೆ. ನನ್ನ ಮಾವನ ತಮ್ಮ, ಎಂಬತ್ತೆರಡು ವರ್ಷ, ಮನೆತನಕ್ಕೆಲ್ಲ ಹಿರಿಯರು. ಕೋವಿಯೂ ಮೊದಲಿನಿಂದ ಹಾಲುಕೋಣೆಯಲ್ಲೇ ಇರುತ್ತಿತ್ತು. ಬಂದವರು ಹೋದವರು ಮುಟ್ಟದ ಜಾಗ ಅದೊಂದೇ ಎಂದು ಗಂಡಸರ ವಾದ.

ಎಸ್.ಐ. ಸುಗನ್ಯಾ ಪರಿಶೀಲನೆಗೆ ಬಂದ ದಿನ ನಾನು ಮುಂದಿನ ಕೋಣೆಯ ಕಬ್ಬಿಣದ ಬೀರು ತೋರಿಸಿದೆ, ಸೊಂಟದ ಬೀಗದ ಕೈ ತೋರಿಸಿದೆ. ಅವರು ಫೋಟೋ ತೆಗೆದುಕೊಂಡು ಹೋದರು. ಲೈಸೆನ್ಸ್ ಆಗಿ ಕೋವಿ ಮನೆಗೆ ಬಂದ ಮಾರನೆಯ ದಿನವೇ ಮಾದನ್ ಮಾಮ, "ಬೀರುವಿನಲ್ಲಿ ಸೀರೆ ಇಟ್ಕೋ. ಕೋವಿ ಇದ್ದ ಜಾಗದಲ್ಲಿ ಇರಲಿ" ಅಂದರು. ಪ್ರವೀಣ್ ಅದನ್ನು ಎತ್ತಿಕೊಂಡು ಹೋಗಿ ಹಾಲುಕೋಣೆಯ ಮೂಲೆಗೆ ಒರಗಿಸಿದ, ತೋಟಾ ಡಬ್ಬಿಯನ್ನೂ ಅಲ್ಲೇ ಇಟ್ಟ. ಜಗಳ ಯಾಕೆ ಎಂದು ಸುಮ್ಮನಾದೆ.

ಹೀಗಾಗಿ ಲೈಸೆನ್ಸ್ ನನ್ನದು, ಕೋವಿ ಮಾತ್ರ ನಾನು ಹೋಗಬಾರದ ಕೋಣೆಯಲ್ಲಿ. ಕರಡಿ ಬಂದರೆ ಮೊದಲು ಒಬ್ಬ ಗಂಡಸನ್ನು ಹುಡುಕಬೇಕು, ಕೋವಿ ತಂದುಕೊಡಪ್ಪ ಎನ್ನಬೇಕು. ಅಷ್ಟರಲ್ಲಿ ಕರಡಿ ಕುಂದಾ ಬೆಟ್ಟ ದಾಟಿರುತ್ತದೆ. ನಾಲ್ಕು ಸಲ ಕೇಳಿ ತರಿಸಿಕೊಂಡೆ. ಐದನೇ ಸಲ ಸಾಕಾಗಿ ಕೋಲು ಹಿಡಿದುಕೊಂಡು ತೋಟಕ್ಕೆ ಹೋದೆ.

ಕಳೆದ ಆಗಸ್ಟ್‌ನಲ್ಲಿ ಒಂದು ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಇರಬೇಕು. ನಾನು ಎಲೆ ಶೆಡ್ಡಿನಲ್ಲಿ ಫ್ಯಾಕ್ಟರಿ ಲಾರಿಗೆ ಒಬ್ಬಳೇ ಕಾಯುತ್ತಾ ಕೂತಿದ್ದೆ. ನಮ್ಮ ತೋಟದ ಕಡೆಯಿಂದ ಈಡಿನ ಸದ್ದು ಕೇಳಿತು, ಹಿಂದೆಯೇ ಹೆಂಗಸಿನ ಕೂಗು. ಓಡಿದೆ. ಇಳಿಜಾರಿನಲ್ಲಿ ಟೀ ಗಿಡಗಳ ನಡುವೆ ಸೆಲ್ವಿ ಕಾಲು ಹಿಡಿದುಕೊಂಡು ಕೂತಿದ್ದಳು. ಹನ್ನೊಂದು ವರ್ಷದಿಂದ ನಮ್ಮಲ್ಲಿ ಎಲೆ ಕೀಳುವವಳು. ಮೀನಖಂಡದ ತುಂಬ ಚರೆ ಹೊಕ್ಕು ರಕ್ತ ಸುರಿಯುತ್ತಿತ್ತು. ಮೇಲುಗಡೆ ಪ್ರವೀಣ್ ನಿಂತಿದ್ದ, ಕೈಯಲ್ಲಿ ಕೋವಿ. ಕರಡಿ ಬಂದಿತ್ತಂತೆ, ತನ್ನ ಪಾಡಿಗೆ ಕಾಡಿನ ಕಡೆ ತಿರುಗಿ ಹೋಗುತ್ತಿತ್ತಂತೆ. ಇನ್ನೊಂದು ಸಲ ಬರದ ಹಾಗೆ ಬೆದರಿಸೋಣ ಎಂದು ಹೊಡೆದನಂತೆ. ಗಿಡದ ಮರೆಯಲ್ಲಿ ಬಗ್ಗಿದ್ದ ಸೆಲ್ವಿ ಕಾಣಲಿಲ್ಲವಂತೆ. ಗುರಿಯ ಹಿಂದೆ ಏನಿದೆ ಎಂದು ನೋಡುವ ಪಾಠ ಕಲಿತವಳು ನಾನು, ಹೊಡೆದವನು ಅವನು.

ಜೀಪಿನಲ್ಲಿ ಊಟಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಯಾರು ಹೊಡೆದದ್ದು ಎಂದು ಡಾಕ್ಟರ್ ಕೇಳಿದಾಗ ಪ್ರವೀಣ್ ತಡಮಾಡಲಿಲ್ಲ. "ನಮ್ಮ ದೊಡ್ಡವ್ವೆ. ಕರಡಿ ಮೈಮೇಲೆ ಬಂತು, ಅದಕ್ಕೆ ಹೊಡೆದ್ರು" ಅಂದ. ನಾನು ಪಕ್ಕದಲ್ಲೇ ಇದ್ದೆ, ಬಾಯಿ ತೆರೆಯಲಿಲ್ಲ. ಅವನಿಗೆ ಸರ್ಕಾರಿ ಕೆಲಸದ ಆದೇಶ ಬಂದಿತ್ತು, ಸೇರುವ ಮುಂಚಿನ ಪೊಲೀಸ್ ಪರಿಶೀಲನೆಯೊಂದು ಬಾಕಿ. ಲೈಸೆನ್ಸ್ ಇಲ್ಲದೆ ಕೋವಿ ಹಿಡಿದು ಗಾಯ ಮಾಡಿದ ಎಂದಾದರೆ ಕೆಲಸ ಹೋಗುವುದಿರಲಿ, ಜೈಲಾಗುತ್ತದೆ. ಅದೇ ನಾನು ಹೊಡೆದೆ ಎಂದರೆ ಜೀವ ಉಳಿಸಿಕೊಳ್ಳಲು ಹೋಗಿ ಆದ ಅಪಘಾತ, ಅಷ್ಟೇ. ನನಗೆ ಮಕ್ಕಳಿಲ್ಲ. ಅವನಿಗೆ ಮೊದಲ ತುತ್ತು ಉಣಿಸಿದವಳು ನಾನೇ.

ಮಾರನೆಯ ಬೆಳಿಗ್ಗೆ ಎಸ್.ಐ. ಸುಗನ್ಯಾ ಮನೆಗೆ ಬಂದರು. "ಕೋವಿ ಎಲ್ಲಿ?" ಎಂದು ತಮಿಳಿನಲ್ಲಿ ಕೇಳಿದರು. ಗಾಬರಿಯಲ್ಲಿ ಪ್ರವೀಣ್ ಅದನ್ನು ಹಳೆಯ ಜಾಗದಲ್ಲೇ ಇಟ್ಟಿದ್ದ. ನೆಟ್ಟಗೆ ಹಾಲುಕೋಣೆಗೆ ಹೋಗಿ ತಂದುಕೊಟ್ಟ. ಅವರು ಬೀರು ನೋಡಿದರು, ಹಾಲುಕೋಣೆಯ ಬಾಗಿಲು ನೋಡಿದರು, ನನ್ನನ್ನು ನೋಡಿದರು. ಈ ಕಡೆ ಆರು ವರ್ಷದಿಂದ ಇರುವವರು, ಆ ಬಾಗಿಲು ಯಾವುದು ಎಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಕೋವಿ ಸಿಕ್ಕಿದ ಜಾಗವನ್ನು ಬರೆದುಕೊಂಡು ಸಾಕ್ಷಿಗಳ ಸಹಿ ಹಾಕಿಸಿದರು. "ನಾಳೆ ಹತ್ತು ಗಂಟೆಗೆ ಸ್ಟೇಷನ್ನಿಗೆ ಬನ್ನಿ. ಯಾರು ಹೊಡೆದದ್ದು ಅಂತ ನಿಮ್ಮ ಬಾಯಲ್ಲಿ ಕೇಳ್ಬೇಕು" ಅಂದರು.

ಅವತ್ತು ಸಂಜೆ ಮಾದನ್ ಮಾಮನ ಜಗಲಿಯಲ್ಲಿ ಹಟ್ಟಿಯ ಹಿರಿಯರು ನಾಲ್ಕು ಜನ ಸೇರಿದರು. ನನಗೂ ಒಂದು ಕುರ್ಚಿ ಹಾಕಿದ್ದರು, ಅದೇ ಮೊದಲ ಸಲ.

"ನೀ ಹೊಡೆದೆ ಅಂತ ಹೇಳು, ಮುಗೀತು. ನಿನಗೆ ಲೈಸೆನ್ಸ್ ಇದೆ" ಅಂದರು ಮಾಮ.

"ಕೋವಿ ಹಾಲುಕೋಣೆಯಿಂದ ಬಂತು ಅಂತ ಪೊಲೀಸರು ಬರ್ಕೊಂಡಿದ್ದಾರೆ ಮಾಮ" ಅಂದೆ. "ನಾನು ಹೊಡೀಬೇಕು ಅಂದ್ರೆ ಒಳಗೆ ಹೋಗಿ ನಾನೇ ತಂದಿರಬೇಕು. ಗಂಡಸರು ತಂದುಕೊಟ್ರು ಅಂದ್ರೆ ಲೈಸೆನ್ಸ್ ಇಲ್ಲದವರ ಕೈಗೆ ಹೋಯ್ತು ಅಂತಾಗುತ್ತೆ. ನಾನು ಹೋದದ್ದು ನಿಜ ಅಂತ ನೀವೂ ಹೇಳ್ಬೇಕು. ನಿಮ್ಮನ್ನೆಲ್ಲ ಕರೆಸಿ ಕೇಳ್ತಾರೆ."

ಇಲ್ಲಿಗೆ ಮಾತು ನಿಲ್ಲುತ್ತದೆ ಅಂದುಕೊಂಡೆ. ಹೆಂಗಸು ಹಾಲುಕೋಣೆಗೆ ಹೋದಳು ಎಂದು ಪೊಲೀಸರ ಮುಂದೆ ಹೇಳುವ ನಾಲಿಗೆ ಈ ನಾಲ್ವರಲ್ಲಿ ಯಾರಿಗೂ ಇಲ್ಲ ಎಂದು ನನಗೆ ಖಾತ್ರಿಯಿತ್ತು. ಸುಳ್ಳು ಹೇಳುವ ಕೆಲಸ ನನ್ನ ತಲೆಯಿಂದ ಇಳಿಯಿತು ಎಂದು ನೆಮ್ಮದಿಯೂ ಆಯಿತು. ಮಾಮ ನೆಲ ನೋಡುತ್ತಾ ಕೂತರು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

"ಹೋದಳು ಅಂತಲೇ ಹೇಳೋಣ" ಅಂದರು. "ಜೀವಕ್ಕೆ ಬಂದಾಗ ಕಟ್ಟಳೆ ನೋಡೋಕಾಗುತ್ತಾ?"

ಉಳಿದ ಮೂವರೂ ತಲೆಯಾಡಿಸಿದರು.

ನನ್ನ ಮೈಯೆಲ್ಲ ಉರಿದುಹೋಯಿತು. ಹಾಲಿಯವರು ಸತ್ತದ್ದು ಆ ಕೋಣೆಯಲ್ಲೇ. ಬೆಳಿಗ್ಗೆ ದೀಪ ಹಚ್ಚಲು ಹೋದವರು ಎದೆ ಹಿಡಿದುಕೊಂಡು ಕುಸಿದರು. ಗಂಡಸರೆಲ್ಲ ತೋಟದಲ್ಲಿದ್ದರು. ನಾನು ಹೊಸ್ತಿಲಿನ ಈಚೆ ನಿಂತು ಕೂಗಿದೆ. ಮಾಮ ಓಡಿ ಬಂದು ಅವರನ್ನು ಹೊರಗೆ ಎಳೆದುಕೊಳ್ಳುವಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು. ಕೈ ಚಾಚಿದ್ದರೆ ಅವರ ಕಾಲು ನನಗೆ ಸಿಗುತ್ತಿತ್ತು. ಚಾಚಲಿಲ್ಲ.

"ಅವತ್ತು ಅವರು ಒಳಗೆ ಬಿದ್ದಾಗ ನಾನು ಹೋಗಿದ್ರೆ ಏನು ಅಂತಿದ್ರಿ ಮಾಮ?" ಎಂದು ಕೇಳಿದೆ.

"ಹಳೇದೆಲ್ಲ ಈಗ್ಯಾಕೆ" ಅಂದರು. ಮುಖ ಬೇರೆ ಕಡೆ ತಿರುಗಿಸಿಕೊಂಡರು. ಅವರಿಗೂ ಆ ಹತ್ತು ನಿಮಿಷ ನೆನಪಿದೆ ಎಂದು ನನಗೆ ಗೊತ್ತಾಯಿತು, ಅದರಿಂದ ಕೋಪವೇನೂ ಇಳಿಯಲಿಲ್ಲ.

ಹೊರಡುವಾಗ ಪ್ರವೀಣ್ ಬಂದು ನನ್ನ ಮುಂದೆ ತಲೆ ಬಗ್ಗಿಸಿ ನಿಂತ. ನಮ್ಮಲ್ಲಿ ಹಿರಿಯರು ತಲೆ ಮುಟ್ಟಿ ಹರಸುವುದು ವಾಡಿಕೆ. ಮುಟ್ಟಿದೆ. "ನಾಳೆ ಹೇಳ್ತೀಯಲ್ವಾ ದೊಡ್ಡವ್ವೆ?" ಅಂದ. "ಹೇಳ್ತೀನಿ" ಅಂದೆ. ಅಷ್ಟು ಕೋಪದಲ್ಲೂ ನಿಜವಾಗಿ ಹೇಳುವವಳೇ ಇದ್ದೆ. ಮಾಮನ ಮೇಲಿನ ಸಿಟ್ಟನ್ನು ಮಗುವಿನ ತಲೆಗೆ ಕಟ್ಟುವುದು ಸರಿಯಲ್ಲ ಅನ್ನಿಸಿತ್ತು.

ಹತ್ತು ಗಂಟೆಗೆ ಸ್ಟೇಷನ್ನಿಗೆ ಹೋದೆ. ಪ್ರವೀಣ್ ಹೊರಗಿನ ಬೆಂಚಿನಲ್ಲಿ ಕೂತ. ಸುಗನ್ಯಾ ನನ್ನನ್ನು ಕೂರಿಸಿ, "ಸೆಲ್ವಿ ಹೇಳಿಕೆ ಕೊಟ್ಟಿದ್ದಾಳೆ. ಓದ್ತೀನಿ, ಕೇಳಿ" ಅಂದರು. ಓದಿದರು. ಅಮ್ಮ ನನ್ನನ್ನು ಕಾಪಾಡುವುದಕ್ಕೆ ಕರಡಿಗೆ ಹೊಡೆದರು. ಪಕ್ಕಕ್ಕೆ ಹೋಗು ಎಂದು ಅಮ್ಮ ಕೂಗಿದರು, ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ತಪ್ಪು ನನ್ನದೇ.

"ಯಾವಾಗ ಕೊಟ್ಟಳು ಇದನ್ನ?" ಅಂದೆ.

"ನಿನ್ನೆ ಮಧ್ಯಾಹ್ನ."

ನಿನ್ನೆ ಮಧ್ಯಾಹ್ನಕ್ಕೆ ಮೊದಲು ಪ್ರವೀಣ್ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ ಬಂದಿದ್ದ. ಎಷ್ಟು ಒಳ್ಳೆಯ ಹುಡುಗ ಎಂದು ನಾನೇ ಅಂದುಕೊಂಡಿದ್ದೆ. ಅವಳ ಕಾಲಿನಿಂದ ಐದು ಚರೆ ತೆಗೆದಿದ್ದರು, ಎರಡು ಆಳಕ್ಕೆ ಹೋಗಿವೆ ಎಂದು ಒಳಗೇ ಬಿಟ್ಟಿದ್ದರು. ಅಷ್ಟು ನೋವಿನಲ್ಲಿ ಮಲಗಿಕೊಂಡು ಅವಳು ತಪ್ಪು ನನ್ನದೇ ಎಂದು ಹೆಬ್ಬೆಟ್ಟು ಒತ್ತಿದ್ದಳು. ನಮ್ಮ ತೋಟದ ಕೆಲಸ ಬಿಟ್ಟರೆ ಅವಳಿಗೆ ಬೇರೆ ದಾರಿಯಿಲ್ಲ. ನನಗೆ ಕೂತ ಕಡೆಯೇ ನಾಚಿಕೆಯಾಯಿತು.

"ಯಾರೂ ಕೂಗಲಿಲ್ಲ ಮೇಡಂ" ಅಂದೆ. "ನಾನು ಅಲ್ಲಿ ಇರಲೇ ಇಲ್ಲ. ಎಲೆ ಶೆಡ್ಡಿನಲ್ಲಿದ್ದೆ. ಕರಡಿ ತಿರುಗಿ ಹೋಗ್ತಾ ಇತ್ತು. ಹೊಡೆದವನು ಪ್ರವೀಣ್."

ಬೀರುವಿನ ವಿಷಯವನ್ನೂ ಹೇಳಿದೆ. ಅವರು ಫೋಟೋ ತೆಗೆದ ಬೀರುವಿನಲ್ಲಿ ಕೋವಿ ಇದ್ದದ್ದು ಒಂದೇ ರಾತ್ರಿ, ಆಮೇಲೆ ಅದಕ್ಕೆ ನನ್ನ ಬೀಗವೂ ಇರಲಿಲ್ಲ, ನನ್ನ ಕೈಯೂ ತಲುಪುತ್ತಿರಲಿಲ್ಲ ಎಂದೆ. ಯಾರ ಕೈಗೂ ಕೊಡುವುದಿಲ್ಲ ಎಂದು ಬರೆದುಕೊಟ್ಟು, ಯಾರು ಬೇಕಾದರೂ ತೆಗೆಯುವ ಕಡೆ ಬಿಟ್ಟವಳು ನಾನೇ ಎಂದೆ.

ಸುಗನ್ಯಾ ಪೆನ್ನು ಕೆಳಗಿಟ್ಟರು. "ಇದನ್ನ ಬರೆದ್ರೆ ಲೈಸೆನ್ಸ್ ರದ್ದಾಗುತ್ತೆ. ಮುಚ್ಚಳಿಕೆ ಮೀರಿದ್ದಕ್ಕೆ ನಿಮ್ಮ ಮೇಲೂ ಕೇಸ್ ಬರುತ್ತೆ. ಗೊತ್ತಲ್ವಾ?"

"ಗೊತ್ತು. ಮೊದಲು ನನ್ನದು ಬರೀರಿ, ಆಮೇಲೆ ಅವನದು."

ಎರಡು ಹಾಳೆ ಆಯಿತು. ಓದಿಸಿ ಕೇಳಿ ಎರಡಕ್ಕೂ ಸಹಿ ಹಾಕಿದೆ. ಲೈಸೆನ್ಸ್ ಪುಸ್ತಕವನ್ನು ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟು ಹೊರಗೆ ಬಂದೆ.

ಪ್ರವೀಣ್ ಎದ್ದು ನಿಂತ. "ಏನು ಹೇಳಿದೆ ದೊಡ್ಡವ್ವೆ?"

"ಆದದ್ದು ಹೇಳಿದೆ. ನೀ ಹೊಡೆದದ್ದು, ನಾನು ಮುಚ್ಚಳಿಕೆಯಲ್ಲಿ ಸುಳ್ಳು ಬರೆದುಕೊಟ್ಟದ್ದು, ಎರಡೂ."

ಅವನ ಮುಖ ಬಿಳಿಚಿಕೊಂಡಿತು. ಕೂಗಾಡುತ್ತಾನೆ ಅಂದುಕೊಂಡಿದ್ದೆ, ಕೂಗಾಡಿದ್ದರೆ ನನಗೂ ಸುಲಭವಾಗುತ್ತಿತ್ತು. ಸಣ್ಣ ದನಿಯಲ್ಲಿ ಕೇಳಿದ.

"ನಿನ್ನ ಹೊಟ್ಟೇಲಿ ಹುಟ್ಟಿದ ಮಗ ಆಗಿದ್ರೂ ಹೇಳ್ತಿದ್ದೆಯಾ?"

"ಹೇಳ್ತಿದ್ದೆ" ಅಂದೆ.

ಒಳಗಿನಿಂದ ಅವನ ಹೆಸರು ಕರೆದರು. ಕಣ್ಣೊರೆಸಿಕೊಂಡು ಹೋದ, ನನ್ನ ಕಡೆ ತಿರುಗಿ ನೋಡಲಿಲ್ಲ. ಅವನು ಎದ್ದ ಬೆಂಚಿನಲ್ಲಿ ನಾನು ಕೂತೆ. ಪೊಲೀಸರಿಗೆ ಹೇಳಿದ್ದಕ್ಕೆಲ್ಲ ಸಹಿ ಹಾಕಿದ್ದೆ. ಅವನಿಗೆ ಹೇಳಿದ ಆ ಒಂದು ಮಾತಿಗೆ ಸಹಿ ಹಾಕು ಎಂದಿದ್ದರೆ ನನ್ನಿಂದ ಆಗುತ್ತಿರಲಿಲ್ಲ.