ಮುಂಗೈ ಮ್ಯಾಲಿನ ಮೂರು ಗೆರಿ

ಹರಗೋಲು ನಡಸಾಂವನ ಹುಟ್ಟು ಹಿಡದ ಕೈಯಾಗ ಮೂರ ಬೆರಳು ಅದಾವು, ಹೆಬ್ಬಟ್ಟು ಬ್ಯಾರೆ, ಕಿರುಬೆರಳು ಬುಡಕ್ಕ ಹೋಗೇತಿ — ಯಾಕ ಎಣಸಾಕತ್ತೇನಿ ನಾ, ಮತ್ತ ಹರಗೋಲು ಹತ್ತೇನಿ, ಅಂಜಿಕಿ, ಅದಕ್ಕ ಇರಬೇಕು, ಎಪ್ಪತ್ತೊಂದರಾಗ ಇಲ್ಲೇ ಅಲ್ಲ ಮಗಚಿದ್ದು, ಬಾಯಿ ತುಂಬ ರಾಡಿ, ಸಂಗಯ್ಯಾ ಅಂತ ಸಂಗಮದ ದೇವರನ್ನ ಕರದೆ, ಯಾರೋ ಮುಂಗೈ ಹಿಡದು ಎಳದರು, ಕಣ್ಣು ತಗದರ ದಂಡಿ ಮ್ಯಾಲೆ ಬಿದ್ದೇನಿ, ಸುತ್ತ ಒಂದು ನರಪಿಳ್ಳಿ ಇಲ್ಲ, ಮುಂಗೈ ಮ್ಯಾಲೆ ಕೆಂಪಗ ಮೂರು ಗೆರಿ, ಅಡ್ಡಡ್ಡ, ವಿಭೂತಿ ಹಚ್ಚಿಧಾಂಗ. ಸಂಗಯ್ಯನ ಗುರುತು, ಇನ್ಯಾರದಿದ್ದೀತು. ಹನ್ನೆರಡು ವರ್ಷ ಆತು, ದಿನಾ ಲಿಂಗಪೂಜಿ ಮುಗಿಸಿ ಅಲ್ಲೇ ವಿಭೂತಿ ಎಳಕೋತೇನಿ, ಇವತ್ತೂ ಎಳಕೊಂಡೇನಿ, ಸಾವಿತ್ರೆವ್ವಗ ಹಣಿ ಸಾಲಂಗಿಲ್ಲ ಅಂತ ಓಣಿಯವರು ನಗ್ತಾರ, ನಗಲಿ, ಸಂಗಯ್ಯನ ಕೈಲೆ ಹಿಡಿಸ್ಕೊಂಡಾಕಿ ನಾನು. ಹೊಳಿಗೆ ಮಾತ್ರ ಮತ್ತ ಇಳೀಲಿಲ್ಲ, ಸಂಗಮಕ್ಕ ಬಸ್ಸಿನ್ಯಾಗ ಸುತ್ತಿ ಬರತಿದ್ದೆ.

ಎದುರಿಗೆ ಶಂಕ್ರಪ್ಪ ಕುಂತಾನ, ನನ್ನ ಮಗ, ಸಾಲಿ ಮಾಸ್ತರ, ತನ್ನ ಕೂಸು ಜ್ವರದಾಗ ಹೋದ ದಿನ ಕೊರಳಾಗಿನ ಲಿಂಗ ತಗದು ಟ್ರಂಕಿನ್ಯಾಗ ಇಟ್ಟಾಂವ, ಅವ್ವಾ ನಿನಗಾದದ್ದು ನಿನಗ ಖರೆ, ನನಗ ಹೆಂಗ ಖರೆ ಆದೀತು ಅಂತಿದ್ದಾಂವ, ಮೊನ್ನೆ ರೊಟ್ಟಿ ಉಣ್ಣೂ ಮುಂದ ತಾನಾಗೇ ಅಂದ, ದೇವರನ್ನ ನಂಬಾಕತ್ತಿಲ್ಲವ್ವಾ, ನಿನ್ನ ಮುಂಗೈ ನಂಬಾಕತ್ತೇನಿ, ನಡಿ ಸಂಗಮಕ್ಕ, ಅಲ್ಲೇ ಲಿಂಗ ಕಟಗೋತೇನಿ. ಎಷ್ಟು ಅತ್ತೆ ಆ ರಾತ್ರಿ ನಾ, ಸಂತೋಷಕ್ಕ. ಇವತ್ತ ಬಸ್ಸು ತಪ್ಪಿತು, ಅದಕ್ಕ ಈ ಹರಗೋಲು, ತಪ್ಪಬಾರದಿತ್ತು.

ನಿಮ್ಮ ಹೆಸರೇನ್ರಿ ಅಣ್ಣಾ ಅಂತ ಬಾಯಿಗೆ ಬಂದಬಿಟ್ಟಿತು, ಮಲೀಕಸಾಬ ಅಂತಾರ್ರಿ ಯವ್ವಾ ಅಂದ ಹುಟ್ಟು ಹಾಕೋತ, ಎಪ್ಪತ್ತೊಂದರಾಗ ಹರಗೋಲು ಮಗಚಿದಾಗ ನೀವ ಇದ್ರೇನು ಅಂದೆ, ನಾನ ಇದ್ದೆ ಅಂದ, ಒಬ್ಬೊಬ್ಬರನ್ನ ಸಿಕ್ಕ ಸಿಕ್ಕಲ್ಲಿ ದಂಡಿಗೆ ಹಾಕೂದು, ಮತ್ತ ನೀರಿಗಿ ಹಾರೂದು, ಯಾರ್ಯಾರಂತ ನೆನಪಿಡ್ಲಿ. ನೆನಪಿಲ್ಲಂತ. ಹನ್ನೆರಡು ವರ್ಷ ನಾ ನೆನಸಿದ್ದು ಯಾರನ್ನ ಹಂಗಾರ — ಸಂಗಯ್ಯಾ ಅಂದದ್ದು ಖರೆ, ಕೈ ಬಂದದ್ದೂ ಖರೆ, ಕಳಿಸಿದಾಂವ ಅವನ ಅಂದ್ರ ಶಂಕ್ರಪ್ಪ ಕೇಳ್ಯಾನು, ನನ್ನ ಕೂಸಿಗೆ ಯಾಕ ಯಾರನ್ನೂ ಕಳಿಸಲಿಲ್ಲವ್ವಾ ಅಂತ — ಈಗ ನಮ್ಮ ಮಾತು ಕೇಳಿದನೇನು ಇವ, ನೀರು ನೋಡಾಕತ್ತಾನ, ಹೇಳಿದರ ಲಿಂಗ ಮತ್ತ ಟ್ರಂಕಿಗೆ, ಹೇಳದಿದ್ರ ಮಗನ ಕೊರಳಿಗೆ ನಾನ ಸುಳ್ಳು ಕಟ್ಟಿಧಾಂಗ, ದಂಡಿ ಬಂದೇ ಬಿಟ್ಟಿತು, ಸಾವಕಾಶ ಇಳೀರಿ ಯವ್ವಾ, ಕೈ ಕೊಡ್ರಿ ಅಂದ ಮಲೀಕಸಾಬ, ಶಂಕ್ರಪ್ಪ ಈಗ ಇತ್ಲಾಗ ನೋಡಾಕತ್ತಾನ, ಕೈ ಕೊಟ್ಟೆ, ಮುಂಗೈ ಹಿಡದ, ಅದ ಬಿಗಿ, ಅದ ಜಾಗಾ, ವಿಭೂತಿ ಮ್ಯಾಲೆ, ಒಂದೊಂದು ಗೆರಿ ಮ್ಯಾಲೆ ಒಂದೊಂದು ಬೆರಳು, ಮೂರು ಗೆರಿ, ಮೂರು ಬೆರಳು, ಮೂರು