ಬೀಗದಕ್ಕನ ಬಲಗೈ

ಎಲ್ಲಿಂದ ಶುರು ಮಾಡಲಿ? ಅಂಗಡಿಯ ಶಟರ್ ಕುಸಿದ ಗಳಿಗೆಯಿಂದ ಅಂದರೆ ರಕ್ತ ಬರೆಯಬೇಕು. ಒಂದು ಡ್ರಾಫ್ಟ್‌ನಲ್ಲಿ ಬರೆದೆ, ನನಗೇ ತಲೆ ಸುತ್ತಿತು, ಹರಿದೆ. ನೀವು ಇಷ್ಟು ತಿಳಿದುಕೊಂಡರೆ ಸಾಕು: ಬೀಳುವ ಶಟರನ್ನು ಅವಳು ಬಲಗೈಯಲ್ಲಿ ತಡೆಯಲು ಹೋದಳು. ಬೆರಳು ಮಡಚುವ ಸ್ನಾಯುಹುರಿಗಳು ತುಂಡಾದವು. ಸರ್ಜನ್ ಹೊಲಿದರು.

1

ಅವಳು ಎಂದರೆ ಬೀಗದಕ್ಕ. ವಯಸ್ಸು ಐವತ್ತೆರಡು. ಬೀಗ ರಿಪೇರಿ ಕಸುಬು. ಕೀ ಕಳೆದುಕೊಂಡು ಸ್ವಂತ ಮನೆಯೆದುರು ಪೆಚ್ಚುಮೋರೆ ಹಾಕಿ ನಿಂತವರೆಲ್ಲ ಅವಳಿಗೇ ಫೋನ್ ಮಾಡುತ್ತಿದ್ದರು. ಈಗ ಹೊಲಿದ ಗಾಯ ಮಾಯ್ದರೂ ಬೆರಳು ಮಡಚುತ್ತಿಲ್ಲ. ತುದಿಗೂ ಅಂಗೈಗೂ ನಡುವೆ ಎರಡು ಇಂಚು. ಮಡಚಿದರೆ ಮತ್ತೆ ಕಿತ್ತುಹೋದೀತೆಂಬ ಭಯ. ಜೊತೆಗಿದ್ದ ತಂಗಿ ಅಂಗಡಿಯನ್ನು ಬೇರೆಯವರಿಗೆ ಕೊಟ್ಟುಬಿಡೋಣವೆಂದು ಬಾಗಿಲಿಗೆ ಬೋರ್ಡನ್ನೂ ಅಂಟಿಸಿದ್ದಳು.

2

ಕೈ ಥೆರಪಿಸ್ಟ್ ಹುಡುಗಿ ಬೀಗದಕ್ಕನ ಕಣ್ಣಿಗೆ ಡಬ್ಬಿಯಂಥ ವಿ.ಆರ್. ಹೆಡ್‌ಸೆಟ್ ಕಟ್ಟಿದಳು. ಒಳಗೊಂದು ಹಣ್ಣಿನ ತೋಟ. ಕೈ ಚಾಚಿ, ಬೆರಳು ಮಡಚಿ ಕಿತ್ತರೆ ಹಣ್ಣು ಬುಟ್ಟಿಗೆ. (ಈ ವಯಸ್ಸಿನಲ್ಲಿ ವಿಡಿಯೋ ಗೇಮಾ ಎಂದು ಅವಳು ಗೊಣಗಿದ್ದನ್ನು ಎಡಿಟ್ ಮಾಡಿದ್ದೇನೆ.) ಅಲ್ಲಿ ಅವಳ ಕೈ ಸಲೀಸಾಗಿ ಮುಚ್ಚಿತು! ಮೊದಲ ದಿನವೇ ನಲವತ್ತು ಹಣ್ಣು.

ಮನೆಗೆ ಬಂದು ಕೀ ಎತ್ತಿದಳು. ಬಿತ್ತು. ಮತ್ತೆ ಎತ್ತಿದಳು. ಮತ್ತೆ ಬಿತ್ತು.

3

ಮರುದಿನ ಹೋಗಿ ನೇರವಾಗಿ ಕೇಳಿದಳು. ಹುಡುಗಿ ಮುಚ್ಚಿಡಲಿಲ್ಲ. ನಿಜವಾಗಿ ಮಡಚಿದ್ದರ ಎರಡರಷ್ಟನ್ನು ಆಟ ತೋರಿಸುತ್ತದೆ, ಭಯ ಬಿಡಿಸಲೆಂದು ಹಾಗೆ ಇಟ್ಟಿರುತ್ತೇವೆ, ಮೊದಲೇ ಹೇಳಬೇಕಿತ್ತು, ತಪ್ಪಾಯಿತು ಎಂದಳು. ವಾರಕ್ಕಿಷ್ಟು ಇಳಿಸುತ್ತ ಹೋಗೋಣ ಎಂದೂ ಸೇರಿಸಿದಳು.

"ಇವತ್ತೇ ಪೂರ್ತಿ ತೆಗಿ," ಎಂದಳು ಬೀಗದಕ್ಕ. "ಇರೋದನ್ನ ಇದ್ದಂಗೇ ತೋರ್ಸು. ನನ್ನ ಕೈ ಕೈಲಿ ಸುಳ್ಳು ಹೇಳಿಸ್ಬೇಡ."

ಆ ದಿನ ಒಂದು ಹಣ್ಣೂ ಸಿಗಲಿಲ್ಲ. ಬೆವರು ಹೆಡ್‌ಸೆಟ್ಟಿನ ಅಂಚಿನಿಂದ ಕೆನ್ನೆಗೆ ಇಳಿಯಿತು. ನಾಲ್ಕನೇ ದಿನ ಒಂದು ಸಿಕ್ಕಿತು. ಹೆಡ್‌ಸೆಟ್ ಬಿಚ್ಚಿ ಹುಡುಗಿಗೆ ಹೇಳಿದಳು: "ಮೊದಲ ದಿನ ಆ ನಲವತ್ತು ನೋಡಿರದಿದ್ರೆ, ಈ ಒಂದಕ್ಕೆ ನಾನು ಕೈಯೇ ಚಾಚ್ತಿರ್ಲಿಲ್ಲ ಬಿಡು."

4

ಮುಂದಿನ ವಾರ ಮುಷ್ಟಿ ಪೂರ್ತಿ ಮುಚ್ಚಿತು.

(ಇಲ್ಲಿ ಬೀಗದಕ್ಕ ನನ್ನ ಪೆನ್ನು ಹಿಡಿದುಕೊಂಡಳು. "ನೀನೂ ಆ ಆಟದ ಥರಾನೇ ಆಡ್ತೀಯಲ್ಲ. ಒಂಬತ್ತು ವಾರ ಹಿಡೀತು. ಒಂಬತ್ತು ಅಂತ ಬರಿ." ಓದುಗರಿಗೆ ಬೇಜಾರಾದೀತು ಎಂದೆ. ನನಗೆ ಆಗಿರಲಿಲ್ಲವೇ ಎಂದಳು. ವಾದ ಅಲ್ಲಿಗೆ ಮುಗಿಯಿತು.)

4, ತಿದ್ದಿದ್ದು

ಒಂಬತ್ತು ವಾರ ಹಿಡಿಯಿತು. ಐದನೆಯ ವಾರ ಏನೂ ಮುಂದುವರಿಯಲಿಲ್ಲ, ಅವಳು ಬಾತ್‌ರೂಮಿನಲ್ಲಿ ಅತ್ತಳು. ಆರನೆಯ ವಾರ ಎರಡಿಂಚು ಒಂದಾಯಿತು. ಒಂಬತ್ತನೆಯ ವಾರ ತೋರುಬೆರಳು, ನಡುಬೆರಳು, ಉಂಗುರಬೆರಳು ಅಂಗೈ ಮುಟ್ಟಿದವು. ಥೆರಪಿಸ್ಟ್ ಅಳತೆಪಟ್ಟಿಯನ್ನು ಮೂರು ಸಲ ಇಟ್ಟು ನೋಡಿದಳು, ನಂಬಿಕೆಯಾಗದೆ.

5

ಗೆಲುವಿನ ದೃಶ್ಯಕ್ಕೆ ಎರಡು ಐಡಿಯಾ ಇದ್ದವು. ಒಂದು: ಬ್ಯಾಂಕಿನ ತಿಜೋರಿ ಕೆಟ್ಟು ಊರೇ ಅವಳನ್ನು ಕರೆಯುವುದು. ಎರಡು: ಮಗುವೊಂದು ಕೋಣೆಯಲ್ಲಿ ಸಿಕ್ಕಿಹಾಕಿಕೊಳ್ಳುವುದು. ಬೀಗದಕ್ಕ ಎರಡನ್ನೂ ಹೊಡೆದುಹಾಕಿದಳು. ನನ್ನ ಬೆರಳಿಗೋಸ್ಕರ ಪಾಪದ ಮಗುವನ್ನು ಯಾಕೆ ಕೂಡಿಹಾಕುತ್ತೀಯ ಎಂದು ಬೈದಳು.

ಆದದ್ದು ಇಷ್ಟು. ಎದುರುಮನೆಯ ರಿಟೈರ್ಡ್ ಟೀಚರ್ ತುಕ್ಕು ಹಿಡಿದ ಬೀಗವೊಂದನ್ನು ತಂದರು. ತಂಗಿ ಎಂದಿನಂತೆ ವಾಪಸ್ ಕಳಿಸಲು ಹೊರಟಳು. ಬೀಗದಕ್ಕ ಕೈ ಚಾಚಿ ಇಸಿದುಕೊಂಡಳು. ಅರವನ್ನು ಮುಷ್ಟಿಯಲ್ಲಿ ಹಿಡಿದು ಹೊಸ ಕೀ ಉಜ್ಜಿದಳು. ಮೊದಲು ಐದು ನಿಮಿಷದ ಕೆಲಸ, ಈಗ ಮುಕ್ಕಾಲು ಗಂಟೆ. ನಡುವೆ ಎರಡು ಸಲ ಅರ ಜಾರಿತು. ಕೊನೆಗೆ ಕೀ ಹಾಕಿ ತಿರುಗಿಸಿದಳು.

ಬೀಗ ಬಾಯಿ ಬಿಟ್ಟಿತು.

ತಂಗಿ ಎದ್ದುಹೋಗಿ ಬಾಗಿಲಿನ ಬೋರ್ಡನ್ನು ಉಗುರಿನಿಂದ ಕೆರೆದು ಕೆರೆದು ಕಿತ್ತಳು. ಟೀಚರ್ ಬೀಗವನ್ನು ಸುಮ್ಮನೆ ಮತ್ತೆ ಮತ್ತೆ ಹಾಕಿ ತೆಗೆದು ನೋಡುತ್ತಿದ್ದರು. ಬೀಗದಕ್ಕ ನಕ್ಕ ನಗುವನ್ನು ಬರೆಯಲು ಮೂರು ಉಪಮೆ ಪ್ರಯತ್ನಿಸಿ ಕೈಬಿಟ್ಟೆ. ಅವಳು ನಕ್ಕಳು, ಅಷ್ಟೆ, ಅಂಗಡಿ ತುಂಬ.

6

ಕಿರುಬೆರಳು ಇನ್ನೂ ಅಂಗೈ ಮುಟ್ಟಿಲ್ಲ. ಮುಟ್ಟುತ್ತದೋ ಇಲ್ಲವೋ, ನನಗೂ ಗೊತ್ತಿಲ್ಲ. ಕಥೆಗೆ ಒಂದು ಕೊನೆ ಬೇಕಲ್ಲ, ನೀನೇ ಏನಾದರೂ ಹೇಳು ಎಂದು ಅಂಗಡಿಗೆ ಹೋದೆ.

"ಆ ಕಡೆ ನಿಂತ್ಕೋ, ಗಿರಾಕಿಗಳಿದಾರೆ," ಎಂದಳು.

ನಿಂತಿದ್ದೇನೆ.