ಕುಂಬಳದ ಪಿಂದೆ

ನಮ್ಮ ಹಿತ್ತಲಿನ ಕುಂಬಳಬಳ್ಳಿಯನ್ನು ಯಾರೂ ನೆಟ್ಟದ್ದಲ್ಲ. ಸಾರಿಗೆ ಹೆಚ್ಚಿದ ಕುಂಬಳದ ಬೀಜ, ತಿರುಳನ್ನೆಲ್ಲ ನಾನೇ ಬಚ್ಚಲ ನೀರು ಹರಿಯುವ ಕಡೆ ಚೆಲ್ಲಿದ್ದೆ. ನಮ್ಮವರು ರೈಸ್ ಮಿಲ್ಲಿನಿಂದ ತಂದು ಸುರಿದ ಹೊಟ್ಟಿನ ಬೂದಿ ಅಲ್ಲೇ ಇತ್ತು. ಒಂದು ಬೆಳಗ್ಗೆ ಪಾತ್ರೆ ತಿಕ್ಕಲು ಕೂತಾಗ ನೋಡಿದರೆ, ಬೂದಿಯನ್ನು ಎತ್ತಿಕೊಂಡು ಒಂದು ಮೊಳಕೆ ಎದ್ದಿತ್ತು. ಬೀಜದ ಸಿಪ್ಪೆ ಇನ್ನೂ ಟೋಪಿಯಂತೆ ಅದರ ತಲೆಯ ಮೇಲಿತ್ತು. ಸೋಪಿನ ಕೈಯಲ್ಲೇ ಮಗಳು ಸ್ಫೂರ್ತಿಯನ್ನು ಕೂಗಿದೆ. ಅವಳಿನ್ನೂ ಒಂದನೇ ತರಗತಿ. ಟೋಪಿ ಬೀಳುವವರೆಗೂ ಏಳುವುದಿಲ್ಲ ಎಂದು ಅಲ್ಲೇ ಕೂತಳು. ಶಾಲೆಯ ಆಟೊದವನು ಹಾರ್ನ್ ಹಾಕಿ ಹಾಕಿ ಸುಸ್ತಾದ.

ಬಳ್ಳಿ ಗೋಡೆ ಹತ್ತಿತು. ಅದರ ಎಳೆಯೊಂದು ಗಾಳಿಯಲ್ಲಿ ತಡಕಾಡಿ ಬಟ್ಟೆ ಒಣಹಾಕುವ ತಂತಿಯನ್ನು ಹಿಡಿದು, ಸುರುಳಿ ಸುರುಳಿಯಾಗಿ ಸುತ್ತಿಕೊಂಡಿತು. ಕಣ್ಣಿಲ್ಲದೆ ಅದು ಹೇಗೆ ಹುಡುಕಿತೋ! ಬಿಡಿಸಲು ಮನಸ್ಸಾಗದೆ ಅಷ್ಟು ತಂತಿಯನ್ನು ಅದಕ್ಕೇ ಬಿಟ್ಟುಕೊಟ್ಟೆ.

ಹೂವಿನ ಕೆಳಗೆ ಗೋಲಿಯಷ್ಟು ಎಳೆಗಾಯಿ, ಪಿಂದೆ, ಕಂಡ ದಿನ ಸ್ಫೂರ್ತಿ ಬೆರಳು ಚಾಚಿ ಅಜ್ಜಿಗೆ ತೋರಿಸಿದಳು. ನಮ್ಮತ್ತೆ ಜಂಬವ್ವ ಹೌಹಾರಿದರು. ಎಳೆ ಪಿಂದೆಗೆ ಬೆರಳು ತೋರಿಸಬಾರದು, ತೋರಿಸಿದರೆ ಕೊಳೆತು ಉದುರುತ್ತದೆ, ತೋರಿಸಲೇಬೇಕೆಂದರೆ ಬೆರಳು ಮಡಿಚಿ ತೋರಿಸಬೇಕು ಎಂದರು. ನಮ್ಮ ಕಡೆ ಎಲ್ಲರೂ ಹೇಳುವುದು ಹಾಗೆಯೇ. ನಾನೂ ಮಡಿಚಿಯೇ ತೋರಿಸುತ್ತೇನೆ. ಆದರೆ ಆ ಪಿಂದೆ ನಿಜವಾಗಿಯೂ ಹಳದಿಯಾಗಿ ಉದುರಿಬಿಟ್ಟಿತು.

ಅಂದಿನಿಂದ ಮಗಳು ಹಿತ್ತಲಿಗೆ ಬರುವುದನ್ನು ಬಿಟ್ಟಳು. ಅಷ್ಟೇ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ನಾದಿನಿ ಪಲ್ಲವಿ ಚೊಚ್ಚಲ ಹೆರಿಗೆಗೆಂದು ದರೋಜಿಯಿಂದ ಬಂದಿದ್ದಳು. ಕೂಸು ಒದ್ದಾಗಲೆಲ್ಲ ಸ್ಫೂರ್ತಿಯನ್ನು ಕರೆದು ಹೊಟ್ಟೆಯ ಮೇಲೆ ಕೈ ಇಡಿಸಿಕೊಳ್ಳುತ್ತಿದ್ದಳು. ಮೊದಲು ಓಡಿಹೋಗುತ್ತಿದ್ದ ಹುಡುಗಿ ಈಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಬಾಗಿಲಲ್ಲೇ ನಿಲ್ಲತೊಡಗಿದಳು. ನನ್ನ ಮೇಲೆ ಸಿಟ್ಟೇನು ಎಂದು ಪಲ್ಲವಿ ನಗುತ್ತಾ ಕೇಳುತ್ತಿದ್ದಳು, ಆದರೆ ಮುಖ ಸಣ್ಣದಾಗುತ್ತಿತ್ತು.

ಜಡೆ ಹಾಕುವಾಗ ನಾನು ಮೆಲ್ಲಗೆ ಕೇಳಿದೆ. ಅವಳು ತನ್ನ ಬೆರಳನ್ನೇ ನೋಡಿಕೊಂಡಳು.

"ನನ್ನ ಬೆಳ್ಳು ಚೊಲೊ ಇಲ್ಲಮ್ಮ. ಪಾಪೂನೂ ಉದುರಿದ್ರ?"

ಬಾಚಣಿಗೆ ಕೆಳಗಿಟ್ಟು ಅವಳನ್ನು ನನ್ನತ್ತ ತಿರುಗಿಸಿಕೊಂಡೆ. ಹಾಗೆಲ್ಲ ಆಗುವುದಿಲ್ಲ ಎಂದೆ. ಬರೀ ಮಾತು ಅವಳಿಗೆ ಸಾಲಲಿಲ್ಲ.

ಮರುದಿನ ಅವಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಎಲೆಗಳನ್ನು ಸರಿಸಿ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಉದುರಿಬಿದ್ದಿದ್ದ ಪಿಂದೆಗಳನ್ನು ತೋರಿಸಿದೆ. ಇವಕ್ಕೆ ಯಾರು ಬೆರಳು ತೋರಿಸಿದ್ದರು ಹೇಳು ಎಂದೆ. ಅವಳು ಯೋಚನೆಗೆ ಬಿದ್ದಳು. ಕಾಲುವೆಯಾಚೆ ಗದ್ದೆಗಳಿಗೆ ಔಷಧಿ ಹೊಡೆಯುವ ಸಮಯ, ಜೇನು ನಮ್ಮ ಕಡೆ ಸುಳಿದಿರಲಿಲ್ಲ, ಅದಕ್ಕೇ ಪಿಂದೆ ನಿಲ್ಲುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಎಮ್ಮಿಗನೂರಿನ ನಮ್ಮವ್ವ ಗಂಡುಹೂವಿನ ಪುಡಿಯನ್ನು ಹೆಣ್ಣುಹೂವಿಗೆ ತಾನೇ ಮುಟ್ಟಿಸುತ್ತಿದ್ದಳು.

ಆಗತಾನೇ ಒಂದು ಹೆಣ್ಣುಹೂವು ಅರಳಿತ್ತು, ಒಳಗೆ ದೀಪ ಇಟ್ಟಂತೆ. ನಾನು ಒಂದು ಗಂಡುಹೂವು ಕಿತ್ತು, ಎಸಳು ಬಿಡಿಸಿ ಅವಳ ಮುಂದೆ ಹಿಡಿದೆ. "ಇವತ್ತು ನೀನ ಜೇನು. ನನ್ನ ಬೆಳ್ಳು ದಪ್ಪ, ನಿಂದೇ ಬೇಕು."

ಅವಳು ಕೈ ಬಚ್ಚಿಟ್ಟುಕೊಂಡು ಹಿಂದೆ ನೋಡಿದಳು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದರೋ. ಏನೆನ್ನುತ್ತಾರೋ ಎಂದು ನಾನೂ ಅವರತ್ತಲೇ ನೋಡಿದೆ.

"ತೋರಿಸಬ್ಯಾಡ ಅಂದಿದ್ದೆ," ಎಂದರು ಅತ್ತೆ. "ಮುಟ್ಟಬ್ಯಾಡ ಅಂದಿದ್ನೇನು? ಜಲ್ದಿ ಮುಟ್ಟು. ಬಿಸ್ಲೇರಿದ್ರ ಹೂವು ಮುಚ್ಕಂತೈತಿ."

ಮಗಳು ಅಜ್ಜಿಯನ್ನೇ ದಿಟ್ಟಿಸಿದಳು. ಆಮೇಲೆ ಬೆರಳಿಗೆ ಹಳದಿ ಪುಡಿ ಹಚ್ಚಿಕೊಂಡು, ಉಸಿರು ಬಿಗಿಹಿಡಿದು, ಹೂವಿನೊಳಗೆ ಸವರಿದಳು. ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು. ನಾನು ಏಳಲಿಲ್ಲ.

ಆ ಪಿಂದೆ ಹಳದಿಯಾಗಲಿಲ್ಲ. ತೊಟ್ಟು ಗಟ್ಟಿಯಾಯಿತು, ಹೂವು ಒಣಗಿ ತುದಿಗೆ ಜೋತುಬಿತ್ತು, ಮೈತುಂಬ ನವಿರಾದ ರೋಮ, ಹಸಿರಿನ ಮೇಲೆ ಬಿಳಿ ಗೆರೆ. ಬೆಳಗ್ಗೆ ನೋಡಿದ್ದಕ್ಕಿಂತ ಸಂಜೆಗೇ ದೊಡ್ಡದು. ನಾವು ಬೇಡವೆಂದು ಚೆಲ್ಲಿದ ನೀರು, ಬೂದಿಯಲ್ಲೇ ಅದು ಇಷ್ಟು ಚೆಂದದ ಮೈಯನ್ನು ಮಾಡಿಕೊಳ್ಳುತ್ತಿತ್ತು. ನಾನು ಗುಡಿಸುವುದನ್ನು ಬಿಟ್ಟು ನಿಂತು ನೋಡುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದಾಗ ಸ್ಫೂರ್ತಿ ತಾನಾಗಿಯೇ ಪಲ್ಲವಿಯ ಹಾಸಿಗೆಯ ಬಳಿ ಹೋದಳು. ಮುಟ್ಟಲಾ ಎಂದು ಕೇಳಿದಳು. ಪಲ್ಲವಿ ಸೆರಗು ಸರಿಸಿದಳು. ಮಗಳು ಮೊದಲು ಒಂದು ಬೆರಳು, ಆಮೇಲೆ ಇಡೀ ಅಂಗೈ ಇಟ್ಟು ಕಾದಳು. ಥಟ್ಟನೆ ಅವಳ ಕಣ್ಣು ಅಗಲವಾದವು.

"ಅಮ್ಮ," ಎಂದಳು ಪಿಸುಮಾತಿನಲ್ಲಿ, "ಒಳಗಿಂದ ಅದೂ ನನ್ನ ಮುಟ್ತು."

ಊಟಕ್ಕೆ ಕರೆದರೂ ಕೈ ತೆಗೆಯಲಿಲ್ಲ. ತಟ್ಟೆಯನ್ನು ನಾನು ಅಲ್ಲಿಗೇ ಒಯ್ದು ತುತ್ತು ಮಾಡಿ ಉಣಿಸಿದೆ.